ಅಂಬಾಸಿಡರಿಗೆ ಒಂದು ಕೆಲಸಕ್ಕೆ ಒಂದು ಶೀಟ್: ನನ್ನ ಅನುಭವ

"ಅಂಬಾಸಿಡರಿಗೆ ರಿಪೇರಿ ಪುಸ್ತಕ ಬೇಕಾ ಮಾರಾಯ್ರೆ? ಕಿವಿ ಒಂದಿದ್ದರೆ ಸಾಕು" ಅಂದಿದ್ದರು ನಮ್ಮ ಬದಿಯಡ್ಕ ಪೇಟೆಯ ಹಿರಿಯ ಮೆಕ್ಯಾನಿಕ್. ಭಾವನ ಮಾತು ಬೇರೆ: "ಎಲ್ಲಾ ಮೊಬೈಲಲ್ಲೇ ಸಿಗುತ್ತದೆ. ಆ ಹಳೇ ಪುಸ್ತಕಕ್ಕೆ ಯಾಕೆ ದುಡ್ಡು ಹಾಕ್ತೀರಿ?" ಕಳೆದ ಡಿಸೆಂಬರಿನಲ್ಲಿ ಅದೇ ಭಾವನನ್ನು ಕೂರಿಸಿಕೊಂಡು ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಬಂದೆ. ಎಲ್ಲೂ ಬಾನೆಟ್ ಎತ್ತಬೇಕಾಗಲಿಲ್ಲ. ಪುಸ್ತಕ ನೋಡಿ ನಾನೇ ರಿಪೇರಿ ಮಾಡಿಕೊಂಡ ಕಾರು, ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನದು ಮಾರ್ಕ್ 2, 1489 ಸಿಸಿ ಪೆಟ್ರೋಲ್. ಮೊದಲು ಹಿಡಿದದ್ದು ಪಿಡಿಎಫ್ ದಾರಿಯನ್ನೇ. ಸಿಕ್ಕಿದ್ದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನುವ ಇಂಗ್ಲಿಷ್ ಕಾರಿನ ಮ್ಯಾನ್ಯುವಲ್, ಅಂದರೆ ರಿಪೇರಿ ಪುಸ್ತಕ. ಅಂಬಾಸಿಡರಿನ ಮೂಲ ಅದೇ ಅಲ್ವಾ, ಸಾಕು ಅಂದುಕೊಂಡೆ. ಎಂಜಿನ್ ಮಟ್ಟಿಗೆ ಸಾಕೇ ಆಯಿತು. ಟ್ಯಾಪೆಟ್ ಸಂದು 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಪ್ಲಗ್ ಸಂದು 25 ಥೌ, ಪಾಯಿಂಟ್ ಸಂದು 14ರಿಂದ 16 ಥೌ, ಎಲ್ಲಾ ಹೊಂದಿತು. ಕೈಕೊಟ್ಟದ್ದು ಕರೆಂಟಿನ ಕೆಲಸ.

ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸೇ ಅರ್ತ್, ಅಂದರೆ ಕಾರಿನ ಬಾಡಿಗೆ ಸೇರಿಸುವ ಕಡೆ. ಪಿಡಿಎಫ್‌ನಲ್ಲೂ ಹಾಗೇ ಇತ್ತು. ನನ್ನ ಕಾರಿನಲ್ಲಿ ಹಿಂದಿನವರು ಯಾರೋ ಡೈನಮೊ ತೆಗೆದು ಆಲ್ಟರ್ನೇಟರ್ (ಎರಡೂ ಬ್ಯಾಟರಿ ಚಾರ್ಜ್ ಮಾಡುವಂಥವು) ಕೂರಿಸಿ ಮೈನಸ್ ಅರ್ತ್ ಮಾಡಿದ್ದರು. ತುಕ್ಕು ಹಿಡಿದ ಬ್ಯಾಟರಿ ಕೇಬಲ್ ಎರಡನ್ನೂ ಬದಲಿಸುವಾಗ ನಾನು ಪಿಡಿಎಫ್ ನೋಡಿ ಪ್ಲಸ್ಸನ್ನು ಅರ್ತ್ ಮಾಡಿದೆ. ಆಲ್ಟರ್ನೇಟರಿನ ಡಯೋಡ್ ಅಷ್ಟೂ ಹೋಯಿತು. ಸುಮಾರು 4,000 ರೂಪಾಯಿ.

ಎರಡು ತಿಂಗಳ ನಂತರ ಇನ್ನೊಂದು. ವಯರಿಂಗ್ ಚಿತ್ರದಲ್ಲಿ ವಯರಿನ ಬಣ್ಣ ಹೇಳುವುದು ಅಕ್ಷರದಲ್ಲಿ. ಅಕ್ಷರಗಳ ಅರ್ಥ ಕೊಟ್ಟ ಪುಟ ನನ್ನ ಪಿಡಿಎಫ್‌ನಲ್ಲಿ ಇರಲೇ ಇಲ್ಲ. ಬಿ ಅಂದರೆ ಬ್ಲೂ ಅಂತ ಓದಿದೆ. ಅಲ್ಲ, ಬಿ ಅಂದರೆ ಬ್ಲ್ಯಾಕ್, ಅದು ಅರ್ತ್. ನೀಲಿಗೆ ಯು, ಕಂದು ಬಣ್ಣಕ್ಕೆ ಎನ್. ಹೆಡ್‌ಲೈಟಿನ ನೀಲಿ ವಯರನ್ನು ಅರ್ತ್ ಸ್ಕ್ರೂಗೆ ಬಿಗಿದು ಸ್ವಿಚ್ ಹಾಕಿದೆ. ಈ ಕಾರಿನಲ್ಲಿ ಹೆಡ್‌ಲೈಟ್ ಲೈನಿಗೆ ಫ್ಯೂಸ್ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಎದ್ದಿತು. ಬ್ಯಾಟರಿ ಬಿಚ್ಚುವಷ್ಟರಲ್ಲಿ ಅರ್ಧ ವಯರಿಂಗ್ ಕರಗಿತ್ತು. ಹೊಸ ವಯರು, ಎಲೆಕ್ಟ್ರಿಷಿಯನ್ ಕೂಲಿ ಸೇರಿ ಐದೂವರೆ ಸಾವಿರ ಆಗಿರಬೇಕು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಅಚ್ಚಿನ ಪುಸ್ತಕ ಹುಡುಕಿದೆ. ಅಂಬಾಸಿಡರಿನದ್ದೇ ಮ್ಯಾನ್ಯುವಲ್ ಸಿಕ್ಕಿತು, 2,200 ರೂಪಾಯಿಗೆ. ಎಲ್ಲಿ ಅಂತ ಹೇಳುವುದಿಲ್ಲ. ಅಲ್ಲಿ ಇನ್ನೂ ಎರಡು ಪುಸ್ತಕದ ಮೇಲೆ ನನ್ನ ಕಣ್ಣಿದೆ.

ನಮ್ಮ ಕಾಸರಗೋಡಿನ ಮಳೆಗಾಲಕ್ಕೆ ಪುಸ್ತಕ ತಡೆಯುವುದಿಲ್ಲ. ಜುಲೈ ಮುಗಿಯುವಾಗ ಹಾಳೆ ಉಬ್ಬಿ ಬೂಸ್ಟು ಹಿಡಿದಿತ್ತು. ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಎರಡು ದಿನ ಇಟ್ಟು ನೋಡಿದೆ. ಬೂಸ್ಟು ಹೋಯಿತು, ಆದರೆ ಹಾಳೆಗಳು ಸುರುಳಿ ಸುತ್ತಿಕೊಂಡವು, ಬೆನ್ನಿನ ಅಂಟು ಬಿಟ್ಟಿತು. ಒಲೆಯ ಮೇಲಿನ ಅಟ್ಟದಲ್ಲೂ ಒಂದು ತಿಂಗಳು ಇಟ್ಟೆ. ಒರಲೆ ಬರಲಿಲ್ಲ ನಿಜ. ಹೊಗೆಗೆ ಕಾಗದ ಕಂದಾಗಿ ಮೂಲೆ ಮುರಿಯತೊಡಗಿತು. ಹಳೇ ಪುಸ್ತಕ ಇದ್ದವರು ಎರಡನ್ನೂ ಮಾಡಬೇಡಿ.

ಬೆನ್ನು ಹೇಗೂ ಬಿಟ್ಟಿತ್ತಲ್ಲ, ಪೂರ್ತಿ ಬಿಚ್ಚಿದೆ. ಅದಕ್ಕೆ ಬೈದವರು ಎಷ್ಟೋ ಜನ. ಆದರೆ ಕೆಲಸ ಕೈಗೂಡಿದ್ದು ಅಲ್ಲಿಂದಲೇ. ಮೊದಲು ಮೊಬೈಲಿನಲ್ಲಿ ಫೋಟೊ ಹೊಡೆದಾಗ ಪುಟದ ಮಡಿಕೆಯಲ್ಲಿ 3 ಯಾವುದು 8 ಯಾವುದು ಗೊತ್ತಾಗುತ್ತಿರಲಿಲ್ಲ. ಬಿಡಿ ಹಾಳೆಗೆ ಆ ತೊಂದರೆ ಇಲ್ಲ. ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ 1,800ಕ್ಕೆ ತಂದೆ. ಬರಹದ ಪುಟ 300 ಡಿಪಿಐ (ಇಂಚಿಗೆ 300 ಚುಕ್ಕಿ), ವಯರಿಂಗ್ ಚಿತ್ರ 600. ಫೈಲ್ ಚಿಕ್ಕದಾಗಲಿ ಅಂತ ಜೆಪೆಗ್‌ನಲ್ಲಿ ಕುಗ್ಗಿಸಿದರೆ ತೆಳ್ಳನೆ ಗೆರೆಗಳೇ ಮಾಯ. ಆಸೆ ಮಾಡಿ ಕುಗ್ಗಿಸಬೇಡಿ. ಇನ್ನೂರು ಚಿಲ್ಲರೆ ಪುಟಕ್ಕೆ ನಾಲ್ಕೈದು ಸಂಜೆ ಹಿಡಿಯಿತು, ನಡುವೆ ಕರೆಂಟ್ ಬೇರೆ ಹೋಗುತ್ತಿತ್ತು.

ಈಗ ಒಂದು ಕೆಲಸಕ್ಕೆ ಒಂದು ಶೀಟ್. ಟ್ಯಾಪೆಟ್ ಒಂದು, ಕಾರ್ಬೊರೇಟರ್ ಒಂದು, ಡಿಸ್ಟ್ರಿಬ್ಯೂಟರ್ ಒಂದು. ಬೇಕಾದ ಚಿತ್ರ ಕತ್ತರಿಸಿ ಎ4ನಲ್ಲಿ ಕೂರಿಸಿ, ಪಕ್ಕದಲ್ಲಿ ನನ್ನ ಕಾರಿನ ಲೆಕ್ಕ ಬರೆಯುತ್ತೇನೆ. ಪುಸ್ತಕದಲ್ಲಿದ್ದದ್ದು ಕಪ್ಪು ಶಾಯಿ, ಕಾರಿನಲ್ಲಿ ಕಣ್ಣಾರೆ ಕಂಡದ್ದು ಕೆಂಪು. ಎರಡಕ್ಕೂ ತಾಳೆ ಬೀಳದಿದ್ದರೆ ಸ್ಪ್ಯಾನರ್ ಮುಟ್ಟುವುದಿಲ್ಲ. ಮೈನಸ್ ಅರ್ತ್ ಅನ್ನುವುದು ಪ್ರತಿ ಶೀಟಿನ ತಲೆಯಲ್ಲಿ ಕೆಂಪಲ್ಲಿದೆ. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಕನ್ನಡ ಓದಲು ಬಾರದು, ಅದಕ್ಕೆ ಮಲಯಾಳದಲ್ಲೂ ಬರೆಸಿದ್ದೇನೆ. ವಯರಿಂಗ್ ಚಿತ್ರವನ್ನು ದೊಡ್ಡದು ಮಾಡಿ ಎ3 ಕಲರ್ ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿದೆ, ಒಂದೊಂದು ವಯರಿಗೂ ಅದರದ್ದೇ ಬಣ್ಣ.

ಲ್ಯಾಮಿನೇಶನ್ ಮಾಡಿಸಿ ಮೊದಲ ಹತ್ತು ಶೀಟ್ ಹಾಳು ಮಾಡಿದೆ. ಬಲ್ಬಿನ ಬೆಳಕಿಗೆ ಮಿಂಚುತ್ತದೆ, ಓದಲು ಆಗುವುದಿಲ್ಲ. ಒಂದು ಶೀಟಂತೂ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ (ಎಂಜಿನಿನ ಹೊಗೆ ಕೊಳವೆಗೆ) ಅಂಟಿಕೊಂಡೇ ಹೋಯಿತು. ಈಗ ದಪ್ಪ ಕಾಗದಕ್ಕೆ ಮನೆಯಲ್ಲೇ ಒಂದು ಲೇಪ ಹಚ್ಚುತ್ತೇನೆ. ಗ್ರೀಸ್ ಕೈಯಲ್ಲಿ ಮುಟ್ಟಿದರೂ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದು ಏನೆಂದು ಸದ್ಯಕ್ಕೆ ನನ್ನಲ್ಲೇ ಇರಲಿ. ಶೀಟ್ ಹಾಳಾದರೆ 10 ರೂಪಾಯಿಗೆ ಇನ್ನೊಂದು ಪ್ರಿಂಟ್. ಮೂಲ ಹಾಳೆಗಳು ಗಾಳಿಯಾಡದ ಡಬ್ಬಿಯಲ್ಲಿವೆ, ಅವನ್ನು ಶೆಡ್ಡಿಗೆ ತರುವುದೇ ಇಲ್ಲ.

ಸ್ಕ್ಯಾನರ್, ಪ್ರಿಂಟ್, ಹಾಳಾದದ್ದು ಎಲ್ಲಾ ಸೇರಿ ಪುಸ್ತಕದ ಹೊರತಾಗಿ ಮೂರು ಸಾವಿರದ ಆಸುಪಾಸು. ಲೀಟರಿಗೆ 9 ಕೊಡುತ್ತಿದ್ದ ಕಾರು ಈಗ 11ರ ಹತ್ತಿರ ಕೊಡುತ್ತಿದೆ. ಹೋದ ತಿಂಗಳು ಆ ಹಿರಿಯ ಮೆಕ್ಯಾನಿಕ್ ಬಂದು ಗೋಡೆಯ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು. ಹೊರಡುವಾಗ ಡಿಸ್ಟ್ರಿಬ್ಯೂಟರ್ ಶೀಟಿನ ಒಂದು ಪ್ರತಿ ಕೇಳಿದರು. ಕೊಟ್ಟೆ. ಕೆಂಪು ಶಾಯಿಯ ಜಾಗ ಮಾತ್ರ ಖಾಲಿ ಬಿಟ್ಟು ಕೊಟ್ಟೆ, ಅದನ್ನು ಅವರ ಕಾರು ನೋಡಿ ಅವರೇ ತುಂಬಬೇಕು.