ಮಳೆಗಾಲಕ್ಕೆ ತಕ್ಕ ಟೂತ್‌ಬ್ರಷ್ ಆರಿಸುವುದು ಹೇಗೆ?

ಶಿರಸಿ ಕಡೆ ಜೂನ್ ಬಂತೆಂದರೆ ಬಟ್ಟೆ ಒಣಗಿತಾ ಅಂತ ಹತ್ತು ಸಲ ಮುಟ್ಟಿ ನೋಡುತ್ತೇವೆ, ದಿನಕ್ಕೆ ಎರಡು ಸಲ ಬಾಯಿಗೆ ಹಾಕುವ ಬ್ರಷ್ ಒಣಗಿದೆಯಾ ಅಂತ ಮಾತ್ರ ಯಾರೂ ನೋಡುವುದಿಲ್ಲ. ಎಷ್ಟೋ ಮನೆಗಳ ಬಚ್ಚಲಲ್ಲಿ ಒಂದೇ ಲೋಟ, ತಳದಲ್ಲಿ ನೀರು, ಐದಾರು ಬ್ರಷ್ ತಲೆಗೆ ತಲೆ ತಾಗಿಸಿ ನಿಂತಿರುತ್ತವೆ. ನೋಡಿದರೆ ನಿಜವಾಗಲೂ ಸಂಕಟವಾಗುತ್ತದೆ.

ಮೊದಲು ಅಂಗಡಿಯಲ್ಲಿ ಸರಿಯಾಗಿ ಆರಿಸಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಬ್ರಷ್‌ನ ತಲೆ ಚಿಕ್ಕದಿರಲಿ, ಕೊನೆಯ ದವಡೆ ಹಲ್ಲಿನ ಹಿಂದೆ ಹೋಗಬೇಕಲ್ವಾ. 'ಸಾಫ್ಟ್' ಅಂತ ಇರುವುದನ್ನೇ ತೆಗೆದುಕೊಳ್ಳಿ. ಕವಳದ (ಎಲೆ-ಅಡಿಕೆಯ) ಕಲೆ ಹೋಗಲಿ ಅಂತ 'ಹಾರ್ಡ್' ತಂದು ತಿಕ್ಕಬೇಡಿ, ವಸಡು ಹಿಂದೆ ಸರಿದು ಹಲ್ಲಿನ ಬುಡ ಹೊರಗೆ ಕಾಣತೊಡಗುತ್ತದೆ. ಬ್ರಷ್‌ನ ಎಳೆಗಳ ತುದಿ ದುಂಡಗಿರಬೇಕು, ಚೂಪಾಗಿದ್ದರೆ ವಸಡು ಗೀರುತ್ತದೆ.

ಈಗ ಎಳೆಗಳ ಬುಡ ನೋಡಿ. ನೈಲಾನ್ ಎಳೆಗಳನ್ನು ಗೊಂಚಲು ಮಾಡಿ ಸಣ್ಣ ತೂತುಗಳಲ್ಲಿ ನೆಟ್ಟಿರುತ್ತಾರೆ. ನೀರು, ಪೇಸ್ಟು, ಊಟದ ಚೂರು ನಿಲ್ಲುವುದು ಆ ಬುಡದಲ್ಲೇ, ಬಾಯಿಂದ ಬಂದ ಬ್ಯಾಕ್ಟೀರಿಯಾ ಉಳಿಯುವುದೂ ಅಲ್ಲೇ. ಗೊಂಚಲುಗಳು ತೀರಾ ಒತ್ತಾಗಿದ್ದರೆ ಗಾಳಿ ಆಡುವುದಿಲ್ಲ. ನಡುವೆ ರಬ್ಬರ್ ಪಟ್ಟಿ, ಬೆನ್ನಿಗೆ ನಾಲಿಗೆ ಕೆರೆಯುವ ಗೀರುಗಳು ಇರುವ ದುಬಾರಿ ಬ್ರಷ್ ಬೇಡವೇ ಬೇಡ, ಒಂದೊಂದು ಸಂದಿಯೂ ಕೊಳೆ ಕೂರುವ ಜಾಗ. ಬ್ಯಾಟರಿ ಬ್ರಷ್ ಬೇಕೇ ಬೇಕು ಅಂದರೆ ಒಳಗೆ ಟೊಳ್ಳಿಲ್ಲದ ತಲೆಯದ್ದು ನೋಡಿ. ನನ್ನ ಆಯ್ಕೆ ಸಾದಾ ಬ್ರಷ್, ಅದೂ ತಿಳಿ ಬಣ್ಣದ್ದು, ಬುಡದ ಕೊಳೆ ಕಣ್ಣಿಗೆ ಕಾಣುತ್ತದೆ.

ಉಜ್ಜುವುದು ಸುಲಭ: ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಮೆಲ್ಲಗೆ 2 ನಿಮಿಷ. ಬರೀ ಬಾಯಿ ಮುಕ್ಕಳಿಸಿದರೆ ಸಾಲದು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎನ್ನುವ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟು ಮಾಡಿಕೊಂಡು ಹಲ್ಲಿಗೆ ಕಚ್ಚಿರುತ್ತದೆ, ಆಮ್ಲ ಬಿಟ್ಟು ಹುಳುಕು ಹಿಡಿಸುತ್ತದೆ. ಎಳೆ ತಾಗಿದರೇ ಅದು ಏಳುವುದು.

ಆಮೇಲೆ ಹರಿಯುವ ನೀರಲ್ಲಿ ಹಿಡಿದು ಎಳೆಗಳ ಬುಡದವರೆಗೆ ಹೆಬ್ಬೆರಳು ಆಡಿಸಿ ತೊಳೆಯಿರಿ. ಕೊಡವಿ, ತಲೆ ಮೇಲೆ ಮಾಡಿ, ಬಚ್ಚಲಿನಿಂದ ಹೊರಗೆ, ಬೇರೆ ಬ್ರಷ್‌ಗೆ ತಾಗದಂತೆ ಇಡಿ. ಪ್ಲಾಸ್ಟಿಕ್ ಮುಚ್ಚಳ ಪ್ರಯಾಣಕ್ಕೆ ಮಾತ್ರ, ಮನೆಯಲ್ಲಿ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಕುದಿಯುವ ನೀರಲ್ಲಿ ಅದ್ದುವ ಸುಲಭದ ದಾರಿಯೂ ಬೇಡ, ಎಳೆ ಸೊಟ್ಟಗಾಗುತ್ತದೆ.

ಮಳೆಗಾಲದಲ್ಲಿ ನಾನು ಬೆಳಿಗ್ಗೆಗೊಂದು, ರಾತ್ರಿಗೊಂದು ಬ್ರಷ್ ಇಟ್ಟುಕೊಳ್ಳುತ್ತೇನೆ. ಒಂದೊಂದಕ್ಕೂ ಒಣಗಲು ಇಡೀ ದಿನ ಸಿಗುತ್ತದೆ. ಕಾರವಾರ, ಕುಮಟಾ ಕಡೆಯವರಿಗೂ ಇದನ್ನೇ ಹೇಳುತ್ತೇನೆ, ಅಲ್ಲಿ ಮಳೆ ನಿಂತ ಮೇಲೂ ಗಾಳಿಯಲ್ಲಿ ತೇವ ಜಾಸ್ತಿ. 3–4 ತಿಂಗಳಿಗೆ ಬ್ರಷ್ ಬದಲಿಸಿ. ಎಳೆ ಅದಕ್ಕೂ ಮೊದಲೇ ಹರಡಿದರೆ ಅವತ್ತೇ ಹೊಸದು ತನ್ನಿ.