ಬಾಲೇವಾಡಿಯಲ್ಲಿ ನನ್ನ .22 ರೈಫಲ್ ಮುನಿಸಿಕೊಂಡಾಗ

ಪುಣೆಯ ಮಳೆಗಾಲ. ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ 50 ಮೀಟರ್ ಅಭ್ಯಾಸ ನಡೆದಿತ್ತು. ಟ್ರಿಗರ್ ಒತ್ತಿದರೆ ಬರೀ 'ಟಕ್' ಸದ್ದು, ಗುಂಡು ಹಾರಲಿಲ್ಲ. ಇಂಥ ಹೊತ್ತಲ್ಲಿ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚೋ ಭಾಗ) ತೆಗೆಯೋ ಆತುರ ಬೇಡವೇ ಬೇಡ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು ಅಲ್ವಾ? ನಳಿಗೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡು ಕಾದೆ.

ತೋಟಾ ಹೊರತೆಗೆದು ನೋಡಿದೆ. ಅಂಚಿನಲ್ಲಿ, ಪೆಟ್ಟು ಕೊಡೋ ಪಿನ್ನಿನ ಗುರುತು ತೀರಾ ಮಸುಕಾಗಿತ್ತು. .22 ತೋಟಾದ ಕಿಡಿಮದ್ದು ಇರೋದೇ ಆ ಅಂಚಿನೊಳಗೆ. ಪೆಟ್ಟು ಸಾಲದಿದ್ದರೆ ಹೊತ್ತಿಕೊಳ್ಳೋದಿಲ್ಲ. ಪಿನ್ ತಳ್ಳೋ ಸ್ಪ್ರಿಂಗ್ ಸೋತಿದೆ ಅಂದುಕೊಂಡಿದ್ದೆ. ಆದರೆ ತೋಟಾ ಕೂರೋ ಚೇಂಬರಿಗೆ ಟಾರ್ಚ್ ಹಿಡಿದಾಗ ಕಂಡಿದ್ದು ಮೇಣ, ಮಸಿ ಸೇರಿ ಗಟ್ಟಿಯಾದ ಕಪ್ಪು ಉಂಗುರ! ತೋಟಾ ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ಪಿನ್ನಿನ ಪೆಟ್ಟೆಲ್ಲ ಅದನ್ನು ಮುಂದಕ್ಕೆ ತಳ್ಳೋದರಲ್ಲೇ ಮುಗಿಯುತ್ತಿತ್ತು.

ರೈಫಲ್ ಖಾಲಿ ಇದೆ ಅಂತ ಕಣ್ಣಿಂದಲೂ ಬೆರಳಿಂದಲೂ ಎರಡು ಸಲ ನೋಡಿದೆ. ಬೋಲ್ಟ್ ಬಿಚ್ಚಿ, ಚೇಂಬರಿಗೆ ಕೊಳೆ ಕರಗಿಸೋ ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟೆ. ಹಿಂದಿನ ಕಡೆಯಿಂದ ಹಿತ್ತಾಳೆ ಬ್ರಷ್ ಮೆಲ್ಲಗೆ ತಿರುಗಿಸಿದೆ. ಗುಂಡು ಹೊರಬರೋ ಬಾಯಿಯ ಕಡೆಯಿಂದ ತಿಕ್ಕಿದರೆ ನಳಿಗೆಯ ತುದಿ ಸವೆದು ಗುರಿ ಕೆಡುತ್ತೆ. ಒಣಬಟ್ಟೆಯಿಂದ ಒರೆಸಿ, ಹೊರಗಿನ ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿದೆ. ಈ ಮಳೆಯಲ್ಲಿ ತುಕ್ಕು ಬೇಗ ಬರುತ್ತೆ.

ಮರುದಿನ 40 ಗುಂಡು ಹಾರಿಸಿದೆ. ಒಂದೂ ಕೈಕೊಡಲಿಲ್ಲ.