ಗೊಬ್ಬರ ಇಳಿದರೆ ಅಡಿಕೆ ಏರುತ್ತದೆ: ನನ್ನ ತಂತಿದಾರಿಯ ಅನುಭವ

ಇಳಿಯುವ ಹಟ್ಟಿಗೊಬ್ಬರದ ಭಾರವೇ ತೋಟದ ಅಡಿಕೆಯನ್ನು ಅಂಗಳಕ್ಕೆ ಎಳೆದು ತರುತ್ತದೆ ಎಂದಾಗ ನಕ್ಕವರಲ್ಲಿ ಕೆಲವರು ಈಗ ತಮ್ಮ ಗುಡ್ಡದ ಅಳತೆಗೂ ನನ್ನನ್ನು ಕರೆಯುತ್ತಿರುವುದರಿಂದ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಾನು ಹಾಕಿದ, ಹೊರೆಗಳನ್ನು ತಂತಿಯ ಮೇಲೆ ಸಾಗಿಸುವ ತಂತಿದಾರಿಯ (ರೋಪ್‌ವೇ) ವಿವರವನ್ನು ಬರೆಯುತ್ತಿದ್ದೇನೆ. ಕಂಬ ಹೂಳುವುದು, ತಂತಿ ಹಿಡಿದಿಡುವ ಕ್ಲಾಂಪು ಬಿಗಿಯುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮಲ್ಲಿ ಅಂಗಳದಿಂದ ತೋಟಕ್ಕೆ ಸುಮಾರು 70 ಮೀಟರ್ ದೂರ, 20 ಮೀಟರ್ ಇಳಿಜಾರು. ಜೋಡಿ ತಂತಿಗಳಲ್ಲಿ ಒಂದರ ಮೇಲೆ ಗೊಬ್ಬರ ಇಳಿಯುವಾಗ, ಮೇಲಿನ ರಾಟೆಯನ್ನು ಸುತ್ತಿ ಬಂದ ಹಗ್ಗವು ಇನ್ನೊಂದರ ಮೇಲೆ ಅಡಿಕೆಯನ್ನು ಏರಿಸುತ್ತದೆ. ಮೋಟಾರು ಸಹಿತ ಮಾಡಿಕೊಡಲು ವರ್ಕ್‌ಶಾಪಿನವರು ಒಂದೂವರೆ ಲಕ್ಷ ಹೇಳಿದ್ದರು. ಗುಜರಿಯ ರಾಟೆಗಳನ್ನು ಹುಡುಕಿ ತಂದ ನನಗೆ 30 ಸಾವಿರದೊಳಗೆ ಮುಗಿಯಿತು, ಅದರಲ್ಲಿ ನಾಲ್ಕೈದು ಸಾವಿರ ಬಾಗಿಹೋದ ಮೊದಲ ಕಂಬದ ದಂಡ.

ತಂತಿ ವೀಣೆಯದರಂತೆ ಬಿಗಿಯಾಗಿರಬೇಕೆಂಬ ಸಲಹೆಯೇ ಆ ಕಂಬವನ್ನು ಬಾಗಿಸಿತು. ನಡುವೆ 60 ಕಿಲೋ ತೂಗುವಾಗ ತಂತಿ ಒಂದೇ ಮೀಟರ್ ಜೋತರೆ ಅದರ ಎಳೆತ ಒಂದು ಟನ್ನನ್ನು ಮೀರುತ್ತದೆ. ಮೂರೂವರೆ ಮೀಟರ್ ಜೋಲಲು ಬಿಟ್ಟರೆ 300 ಕಿಲೋದ ಆಸುಪಾಸಿಗೆ ಇಳಿಯುತ್ತದೆ. ಎಳೆತದ ಲೆಕ್ಕಕ್ಕೆ, ನಡುವಿನ ಭಾರವನ್ನು ತಂತಿಯ ಉದ್ದದಿಂದ ಗುಣಿಸಿ, ಜೋಲಿನ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸಾಕು. ಜೋಲಿನಿಂದ ಇನ್ನೊಂದು ಲಾಭವೂ ಸಿಕ್ಕಿತು: ಮೇಲ್ತುದಿಯಲ್ಲಿ ಕಡಿದಾಗಿರುವ ದಾರಿ ಕೆಳತುದಿಯಲ್ಲಿ ಚಪ್ಪಟೆಯಾಗುವುದರಿಂದ, ಮೊದಲರ್ಧದಲ್ಲಿ ಓಡುವ ಹೊರೆ ಉತ್ತರಾರ್ಧದಲ್ಲಿ ತಾನಾಗಿ ನಿಧಾನವಾಗುತ್ತದೆ.

ಆದರೆ ಬೇರಿಂಗ್ ಇಲ್ಲದ ರಾಟೆಗಳಲ್ಲಿ 40 ಕಿಲೋ ಅಡಿಕೆಗೆ 55 ಕಿಲೋ ಗೊಬ್ಬರ ಹಾಕಿದರೂ ಎರಡೂ ಹೊರೆಗಳು ಅರ್ಧದಾರಿ ದಾಟಿ ನಿಂತುಬಿಡುತ್ತಿದ್ದವು. ಎತ್ತರ ಕೊಟ್ಟ ಶಕ್ತಿಯನ್ನೆಲ್ಲ ಘರ್ಷಣೆ ನುಂಗುತ್ತಿತ್ತು. ಬೇರಿಂಗ್ ಹಾಕಿದ ಮೇಲೆ 50 ಕಿಲೋವೇ ಸಾಕಾಯಿತು. 60 ಆದರೆ ಹಿಡಿಯಲು ಬ್ರೇಕ್ ಬೇಕೇಬೇಕು.

ಬ್ರೇಕಿಗಾಗಿ ಹಲಸಿನ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿ, ಸ್ಪ್ರಿಂಗ್ ತಕ್ಕಡಿ ಕಟ್ಟಿ ನೋಡಿದೆ. 30 ಕಿಲೋವನ್ನು ತಡೆಯಲು ಒಂದು ಸುತ್ತು ಹಾಕಿದಾಗ ಐದು ಕಿಲೋದಷ್ಟು ಬಲ ಬೇಕಾದರೆ, ಎರಡು ಸುತ್ತು ಹಾಕಿದಾಗ ಒಂದು ಕಿಲೋವೂ ಬೇಡ. ಪ್ರತಿ ಸುತ್ತೂ ಹಿಡಿತವನ್ನು ಕೂಡಿಸುವುದಲ್ಲ, ಗುಣಿಸುವುದು. ನೈಲಾನ್ ಹಗ್ಗ ಜಾರಿತು, ಬಿಸಿಯೂ ಆಯಿತು. ಮಳೆಗಾಲದಲ್ಲಿ ನಾರಿನ ಹಗ್ಗಕ್ಕೆ ನಾನು ಏನು ಸವರುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹಟ್ಟಿಯಲ್ಲಿ ಗೊಬ್ಬರ ಖಾಲಿಯಿರುವ ದಿನ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ಕ್ಯಾನುಗಳಿಗೆ ತುಂಬಿ ಇಳಿಸುತ್ತೇನೆ. ಲೀಟರಿಗೆ ಒಂದು ಕಿಲೋ ಆದ್ದರಿಂದ ತೂಗುವ ಕೆಲಸ ಉಳಿಯುತ್ತದೆ, ಕೆಳಗೆ ಅದನ್ನು ಅಡಿಕೆ ಬುಡಕ್ಕೇ ಸುರಿದು, ಖಾಲಿ ಕ್ಯಾನುಗಳನ್ನು ಮುಂದಿನ ಗೊನೆಗಳ ಜೊತೆ ಮೇಲಕ್ಕೆ ಕಳುಹಿಸುತ್ತೇವೆ.